ಪೈಂಟ್ ಬಾಲ್ದಿಯ ಚುಚ್ಚುಹುಲ್ಲು

ಮೊನ್ನೆ ಮಗಳ ಹೊಟ್ಟೆನೋವಿಗೆಂದು ಮೂಡುಬಿದಿರೆಯ ಗಿಡಮೂಲಿಕೆ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಕಷಾಯದ ಸಾಮಾನುಗಳನ್ನು ಒಂದೊಂದಾಗಿ ಕುಟ್ಟಾಣಿಗೆ ಹಾಕುತ್ತಾ ಬಂದು, ಕೊನೆಗೆ ಕಪ್ಪಗೆ ಒಣಗಿದ ಒಂದು ಪುಟ್ಟ ಗಡ್ಡೆ ಹಾಕಿ ಗುದ್ದಿದರು. ಆ ಪರಿಮಳ ಮೂಗಿಗೆ ಬಂದದ್ದೇ ತಡ, ನನಗೆ ನಗು ಒತ್ತರಿಸಿಕೊಂಡು ಬಂತು. ಹೊಟ್ಟೆ ಹಿಡಿದುಕೊಂಡ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತಾಯಿ ಕಿಸಕ್ಕನೆ ನಕ್ಕರೆ ನೋಡಿದವರು ಏನೆಂದುಕೊಳ್ಳಬೇಕು?

“ಎಂತ ಆಯ್ತು ಅಕ್ಕ?” ಎಂದರು ಅಂಗಡಿಯವರು.

“ಎಂತ ಇಲ್ಲ. ಇದು ಕೊನ್ನಾರಿ ಗಡ್ಡೆ ಅಲ್ವಾ?”

“ಹೌದು. ಹೊಟ್ಟೆಗೆ ಭಾರೀ ಒಳ್ಳೆಯದು.”

“ಒಳ್ಳೆಯದು ಅಂತ ನಾರಾವಿಯಲ್ಲಿ ಮಾತ್ರ ಹೇಳ್ಬೇಡಿ. ನನ್ನ ಮಾವನ ಕಿವಿಗೆ ಬಿದ್ದರೆ ಬಸ್ಸು ಹತ್ತಿ ಇಲ್ಲಿಗೇ ಬರ್ತಾರೆ ಜಗಳಕ್ಕೆ.”

ನನ್ನ ಮಾವ ಸಂಜೀವಣ್ಣನಿಗೆ ಈ ಲೋಕದಲ್ಲಿ ಇರುವುದು ಒಬ್ಬನೇ ಶತ್ರು, ಅದು ಕೊನ್ನಾರಿ. ಜೇಕಿನ ಜಾತಿಯ ಕಳೆ. ನೆಲದ ಮೇಲೆ ನಾಲ್ಕು ಎಲೆ, ನೆಲದ ಅಡಿಯಲ್ಲಿ ಗಡ್ಡೆಗಳ ದೊಡ್ಡ ಸಂಸಾರ. ಬೇಸಿಗೆಯಲ್ಲಿ ಮಾವ ಗದ್ದೆಗೆ ಮುಳ್ಳುಸೌತೆ, ಅಲಸಂಡೆ ಹಾಕಿದರೆ ಆ ಬೀಜ ಕಣ್ಣುಬಿಡುವ ಮೊದಲೇ ಕೊನ್ನಾರಿ ಎದ್ದು ನಿಂತಿರುತ್ತದೆ. ಅದನ್ನು ಅವರು ‘ಅದು’ ಎನ್ನುವುದಿಲ್ಲ, ‘ಅವನು’ ಎನ್ನುತ್ತಾರೆ. “ಅವನು ಪುನಃ ಬಂದಿದ್ದಾನೆ, ಬಾವಿಕಟ್ಟೆಯ ಹತ್ತಿರ,” ಎಂದು ಬೆಳಗ್ಗೆ ಚಾ ಕುಡಿಯುತ್ತಾ ಸ್ವರ ತಗ್ಗಿಸಿ ಹೇಳುವಾಗ, ಗೊತ್ತಿಲ್ಲದವರು ಪೊಲೀಸರಿಗೆ ಫೋನ್ ಮಾಡಬೇಕು. ಅಗೆದು ತೆಗೆದ ಗಡ್ಡೆಗಳನ್ನು ಅಂಗಳದ ಸಿಮೆಂಟಿನ ಮೇಲೆ ಒಣಗಿಸಿ, ಒಲೆಗೆ ಹಾಕಿ, ಬೂದಿಯಾದ ಮೇಲೂ ಒಮ್ಮೆ ಇಣುಕಿ ನೋಡಿ ಬರುತ್ತಾರೆ. ನಮ್ಮ ಮನೆಯ ಮಾತೆಲ್ಲ ತುಳು. ಕನ್ನಡದಲ್ಲಿ ಬರೆಯುವಾಗ ಮಾವ ಕೊನ್ನಾರಿಗೆ ಬೈಯುವ ಬೈಗುಳದ ಮುಕ್ಕಾಲು ಖಾರ ಹೋಗಿಬಿಡುತ್ತದೆ, ಒಂದು ರೀತಿಯಲ್ಲಿ ಅದು ಒಳ್ಳೆಯದೇ.

ಇಂಥ ಮನೆಗೆ ಮದುವೆಯಾಗಿ ಬರುವಾಗ ನಾನು ತವರಿನಿಂದ ಹೊತ್ತು ತಂದದ್ದು ಕೊನ್ನಾರಿಯ ಸಂಬಂಧಿಕನನ್ನು.

ನನ್ನ ತವರು ಮೂಲ್ಕಿಯ ಆಚೆ, ಒಂದು ಮಗ್ಗುಲಲ್ಲಿ ಹೊಳೆ, ಇನ್ನೊಂದು ಮಗ್ಗುಲಲ್ಲಿ ಕಡಲು ಇರುವ ಹೊಯ್ಗೆಯ ಪಟ್ಟಿ, ಬರೀ ಮರಳು. ಮನೆಯ ಮುಂದೆ ನಾಲ್ಕು ತೆಂಗು, ಆಮೇಲೆ ಹೊಯ್ಗೆ, ಆಮೇಲೆ ಅರಬ್ಬೀ ಸಮುದ್ರ. ಆ ಹೊಯ್ಗೆಯಲ್ಲಿ ಒಂದು ಗಿಡ ಬೆಳೆಯುತ್ತಿತ್ತು. ಎಲೆಯ ತುದಿ ಬರಿಗಾಲಿಗೆ ಚುಚ್ಚುತ್ತದೆಂದು ನಾವು ಮಕ್ಕಳು ಚುಚ್ಚುಹುಲ್ಲು ಎನ್ನುತ್ತಿದ್ದೆವು. ಅದು ಹುಲ್ಲಲ್ಲ, ಕಡಲ ದಂಡೆಯ ಜೇಕು ಎಂದು ಕಾಲೇಜಿಗೆ ಹೋದ ಮೇಲೆ ತಿಳಿಯಿತು. ಹೊಯ್ಗೆಯ ಅಡಿಯಲ್ಲಿ ನೇರವಾಗಿ ಬೇರು ಓಡಿಸುತ್ತಾ ಗೇಣಿಗೊಂದು ಕಡೆ ತಲೆ ಎತ್ತುತ್ತದೆ. ದೂರದಿಂದ ನೋಡಿದರೆ ಯಾರೋ ದಂಡೆಗೆ ಕೈಹೊಲಿಗೆ ಹಾಕಿದ ಹಾಗೆ ಕಾಣುತ್ತದೆ. ಅಪ್ಪನಿಗೆ ಅದರ ಮೇಲೆ ಬಹಳ ಗೌರವ. “ಈ ಹುಲ್ಲು ಹೊಯ್ಗೆಯನ್ನು ಹಿಡ್ಕೊಂಡುಂಟು, ಹೊಯ್ಗೆ ನಮ್ಮನ್ನು ಹಿಡ್ಕೊಂಡುಂಟು,” ಎನ್ನುತ್ತಿದ್ದರು. ಪ್ರತಿ ಮಳೆಗಾಲ ಕಡಲು ಒಂದಿಷ್ಟು ಹೊಯ್ಗೆ ತಿಂದು ಹೋಗುತ್ತಿತ್ತು. ಮದುವೆಯ ಹಿಂದಿನ ವರ್ಷ ಎರಡು ತೆಂಗಿನಮರಗಳನ್ನೂ ತಿಂದಿತು.

ಹಾಗಾಗಿ ಮದುವೆಯ ಬೆಳಗ್ಗೆ ನನಗೆ ಏನನ್ನಿಸಿತೋ, ಹಳೆಯ ಪೈಂಟ್ ಬಾಲ್ದಿಯಲ್ಲಿ ಹೊಯ್ಗೆ ತುಂಬಿಸಿ ಒಂದೆರಡು ಬುಡ ಚುಚ್ಚುಹುಲ್ಲು ನೆಟ್ಟು, ಮೇಲೆ ಬಟ್ಟೆ ಕಟ್ಟಿ ಇಟ್ಟುಕೊಂಡೆ. ದಿಬ್ಬಣದ ವ್ಯಾನಿನಲ್ಲಿ ಧಾರೆ ಸೀರೆ ಉಟ್ಟ ಮದುಮಗಳ ಕಾಲಬುಡದಲ್ಲಿ ಬಾಲ್ದಿ. ಗಂಡಿನ ಕಡೆಯವರೆಲ್ಲ ಮೂಗರಳಿಸಿ ನೋಡುತ್ತಿದ್ದರು. ಕಿನ್ನಿಗೋಳಿ ದಾಟಿದ ಮೇಲೆ ಅತ್ತೆ ತಡೆಯಲಾರದೆ ನನ್ನ ಕಿವಿಯ ಹತ್ತಿರ ಬಾಗಿದರು.

“ಒಣಮೀನು ಉಂಟಾ ಮಗಾ? ಸಿಗಡಿಯಾ, ನಂಗು ಮೀನಾ?”

“ಅಲ್ಲ ಅತ್ತೆ, ಗಿಡ.”

ಅತ್ತೆಯ ಮುಖ ನೋಡಬೇಕಿತ್ತು. ಪಾಪ, ಮನಸ್ಸಿನಲ್ಲಿ ಆಗಲೇ ಚಟ್ನಿಗೆ ತೆಂಗಿನಕಾಯಿ ತುರಿದಾಗಿತ್ತು.

ಮರುದಿನ ಬೆಳಗ್ಗೆ ಮಾವ ಬಾಲ್ದಿಯ ಎದುರು ಕುಕ್ಕರಗಾಲಲ್ಲಿ ಕುಳಿತು, ಒಂದು ಎಲೆಯನ್ನು ಎರಡು ಬೆರಳ ನಡುವೆ ಹಿಡಿದು, ದಂಟನ್ನು ಹೊರಳಿಸಿ ನೋಡಿದರು. ಎದ್ದಾಗ ಅವರ ಮುಖ ಕಪ್ಪಿಟ್ಟಿತ್ತು. ಹೊಸ ಸೊಸೆಗೆ ನೇರ ಹೇಳಲು ಅವರಿಗೆ ಸಂಕೋಚ, ಮಗನನ್ನು ಕರೆದರು. ನನ್ನ ಗಂಡ ದಿನೇಶನದ್ದು ಮೂಡುಬಿದಿರೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿಯ ಅಂಗಡಿ. ಗಿಡಗಳಲ್ಲಿ ಅವರಿಗೆ ಗೊತ್ತಿರುವುದು ಎರಡೇ ಬಗೆ, ಹಸಿರಿನದ್ದು ಮತ್ತು ಒಣಗಿದ್ದು.

“ಅವಳು ತಂದದ್ದು ಅವನ ದಾಯಾದಿಯನ್ನು ಮಾರಾಯ,” ಎಂದರು ಮಾವ, ನನಗೆ ಕೇಳುವಷ್ಟು ಜೋರಾಗಿ. “ಮುಖಚರ್ಯೆಯೇ ಹೇಳ್ತದೆ.”

“ಇರ್ಲಿ ಅಪ್ಪ, ಬಾಲ್ದಿಯಲ್ಲಿ ಅಲ್ವಾ ಇರುವುದು.”

“ಬಾಲ್ದಿಯಲ್ಲಿ! ಅವನಿಗೆ ಬಾಲ್ದಿ ಒಂದು ಲೆಕ್ಕವಾ?”

ಕೊನೆಗೆ ಸಂಧಾನವಾಯಿತು. ಬಾಲ್ದಿ ಮಣ್ಣಿನ ಮೇಲೆ ಇಳಿಯಕೂಡದು. ಬಟ್ಟೆ ಒಗೆಯುವ ಕಲ್ಲಿನ ಮೇಲೆಯೇ ಇರಬೇಕು. ನಾನು ವಾರಕ್ಕೊಮ್ಮೆ ಅದಕ್ಕೆ ಉಪ್ಪುನೀರು ಚಿಮುಕಿಸುತ್ತಿದ್ದೆ. ಅತ್ತೆ ಅಡುಗೆಮನೆಯ ಕಿಟಕಿಯಿಂದ ನೋಡಿ, “ಗಿಡಕ್ಕೂ ಒಗ್ಗರಣೆ ಹಾಕ್ತೀಯಾ?” ಎಂದು ಕೇಳುತ್ತಿದ್ದರು. ಮಾವ ಮಾತ್ರ ದಿನಾ ಎರಡು ಹೊತ್ತು ಬಾಲ್ದಿಯ ಸುತ್ತ ಒಂದು ಸುತ್ತು ಬಂದು, ಅಡಿಯಲ್ಲಿ ಬೇರು ಇಳಿದಿದೆಯೋ ಎಂದು ಬಗ್ಗಿ ನೋಡಿ ಹೋಗುತ್ತಿದ್ದರು. ನನಗೆ ಒಳಗಿಂದೊಳಗೆ ಸಿಟ್ಟು ಬರುತ್ತಿತ್ತು. ಕಡಲಿನವಳನ್ನು ತಂದ ಮೇಲೆ ಕಡಲಿನ ಒಂದು ಹುಲ್ಲನ್ನು ಸಹಿಸಲಾರದವರು ನನ್ನನ್ನು ಎಷ್ಟು ದಿನ ಸಹಿಸಿಯಾರು ಎಂದು ಹೆದರಿಕೆಯೂ ಆಗುತ್ತಿತ್ತು.

ಅಷ್ಟರಲ್ಲಿ ಆಟಿ ಬಂತು, ಕಡುಮಳೆಯ ತಿಂಗಳು. ನಮ್ಮ ಕಡೆ ಹೊಸದಾಗಿ ಮದುವೆಯಾದವಳು ಆಟಿ ತಿಂಗಳು ಗಂಡನ ಮನೆಯಲ್ಲಿ ಇರುವಂತಿಲ್ಲ, ತವರಿಗೆ ಹೋಗಿ ಕೂರಬೇಕು. ಬೀಗರು ಕೂಡ ಆ ತಿಂಗಳು ಒಬ್ಬರ ಮನೆಗೊಬ್ಬರು ಸುಮ್ಮನೆ ಹೋಗುವುದಿಲ್ಲ. ಬಾಲ್ದಿಯನ್ನು ವಾಪಸು ಕಡಲಿಗೇ ಹೊತ್ತುಕೊಂಡು ಹೋಗುವುದೆಂದರೆ ಸೋತ ಹಾಗಲ್ಲವೇ? ದಿನೇಶನ ಕೈಯಲ್ಲಿ ಒಪ್ಪಿಸಿ ಮೂರು ಮೂರು ಸಲ ಹೇಳಿದೆ: ಮಳೆನೀರು ನಿಲ್ಲಬಾರದು, ಗೊಬ್ಬರ ಮುಟ್ಟಿಸಬಾರದು, ಉಪ್ಪುನೀರು ಮರೆಯಬಾರದು. ಅವರು “ಅದೆಲ್ಲ ನಾನು ಮಾಡ್ತೇನೆ,” ಎಂದರು. ಮಿಕ್ಸಿ ರಿಪೇರಿಗೆ ಕೊಟ್ಟವರಿಗೂ ಅವರು ಹೇಳುವುದು ಹಾಗೆಯೇ ಎಂದು ನನಗೆ ಆಗ ಗೊತ್ತಿರಲಿಲ್ಲ.

ತವರಿಗೆ ಹೋದರೆ ಅಲ್ಲಿ ಬೇರೆಯೇ ಯುದ್ಧ. ಆ ವರ್ಷ ಕಡಲು ಮುಂಚಿನ ಹಾಗಿರಲಿಲ್ಲ. ತೆರೆ ಒಂದೊಂದು ಏಟಿಗೂ ದಂಡೆಯನ್ನು ಕಚ್ಚಿ ಎಳೆಯುತ್ತಿತ್ತು. ಅಪ್ಪ ದಿನಾ ಕೊಡೆ ಹಿಡಿದು ಹೊರಗೆ ನಿಂತು ಇಂಜಿನಿಯರನ್ನು ಕಾಯುತ್ತಿದ್ದರು. ಯಾರೋ ಫೋನಿನಲ್ಲಿ “ಇಂಜಿನಿಯರು ಬಂದು ನೋಡ್ತಾರೆ, ಆಮೇಲೆ ಕಲ್ಲು ಹಾಕಿಸುವ,” ಎಂದಿದ್ದರಂತೆ. ಅಂದಿನಿಂದ ಪ್ಯಾಂಟು ಹಾಕಿದವರೆಲ್ಲ ಅಪ್ಪನಿಗೆ ಇಂಜಿನಿಯರೇ. ಪಾಪದ ಒಬ್ಬ ಐಸ್‌ಕ್ರೀಮ್ ಏಜೆಂಟನನ್ನೂ ಕಡಲವರೆಗೆ ಕರೆದುಕೊಂಡು ಹೋಗಿ ತೋರಿಸಿದ್ದರು.

ನಾನು ಗಂಡನಿಗೆ ಫೋನು ಮಾಡುತ್ತಿದ್ದೆ.

“ಗಿಡ ಹೇಗುಂಟು?”

“ಉಂಟು.”

“ಉಂಟು ಅಂದ್ರೆ ಬದುಕಿ ಉಂಟಾ, ಸತ್ತು ಉಂಟಾ?”

“ಉಂಟು ಮಾರಾಯ್ತಿ, ಬಾಲ್ದಿಯಲ್ಲೇ ಉಂಟು.”

ಈ ‘ಉಂಟು’ ನನಗೆ ಸರಿ ಕಾಣಲಿಲ್ಲ. ಫೋಟೋ ಕಳುಹಿಸಿ ಎಂದೆ. ಎರಡು ದಿನ ಮೊಬೈಲಿನ ಕ್ಯಾಮೆರಾ ಹಾಳು, ಒಂದು ದಿನ ನೆಟ್‌ವರ್ಕ್ ಇಲ್ಲ, ಮತ್ತೊಂದು ದಿನ ಬೆಳಕಿಲ್ಲ. ಊರಿನವರ ಸಾಮಾನು ರಿಪೇರಿ ಮಾಡುವವನ ಮೊಬೈಲು ಇಷ್ಟೊಂದು ಹಾಳಾಗುವುದುಂಟೇ? ಕೊನೆಗೆ ಫೋಟೋ ಬಂತು. ಅದೇ ಬಾಲ್ದಿ, ಅದೇ ಕಲ್ಲು. ಬಾಲ್ದಿಯೊಳಗೆ ಹಚ್ಚಹಸಿರಾಗಿ, ಸೊಂಪಾಗಿ, ನಗುನಗುತ್ತಾ ನಿಂತಿತ್ತು ಕೊನ್ನಾರಿ!

ನಡೆದದ್ದು ಇಷ್ಟು. ದಿನೇಶ ಉಪ್ಪುನೀರು ಮರೆತರು, ಬಾಲ್ದಿಯಲ್ಲಿ ಮಳೆನೀರು ನಿಂತಿತು, ಚುಚ್ಚುಹುಲ್ಲು ಹಳದಿಯಾಯಿತು. ಅದನ್ನು ನೋಡಿದ ಮಾವನಿಗೆ ಜೀವ ತಡೆಯಲಿಲ್ಲ. ಶತ್ರುವಿನ ದಾಯಾದಿಯೇ ಆಗಿರಬಹುದು, ಆದರೆ ಕೃಷಿಕನ ಅಂಗಳದಲ್ಲಿ ಸೊಸೆ ನೆಟ್ಟ ಗಿಡ ಒಣಗಿದರೆ ನಾಳೆ ಜನ ಏನು ಹೇಳಿಯಾರು? ಒಂದು ಮುಷ್ಟಿ ಯೂರಿಯಾ, ಮೇಲೆ ಒಂದು ಚೊಂಬು ಸೆಗಣಿನೀರು ಕೊಟ್ಟರು. ಬದುಕಿರುವಷ್ಟು ಕಾಲ ಉಪ್ಪುಗಾಳಿ ಮಾತ್ರ ಉಂಡದ್ದು ಅದು. ಒಂದೇ ವಾರದಲ್ಲಿ ಶಿವಶಿವಾ ಎಂದಿತು. ಆಮೇಲೆ ನನ್ನ ಫೋನುಗಳು ಶುರುವಾದವು. ಮಾವ ಮೂರು ದಿನ ಯೋಚಿಸಿ, ಒಂದು ಬೆಳಗ್ಗೆ ಸಲಾಕೆ ಹಿಡಿದು ಗದ್ದೆಗೆ ಹೋಗಿ, ಬೇರು ನೋಯದ ಹಾಗೆ ಕೊನ್ನಾರಿಯನ್ನು ಎತ್ತಿ ತಂದು ಬಾಲ್ದಿಯಲ್ಲಿ ನೆಟ್ಟರು. “ಅವತ್ತು ಯಾರಾದ್ರೂ ನೋಡ್ತಾರಾ ಅಂತ ನಿನ್ನ ಮಾವ ನಾಲ್ಕು ಕಡೆ ತಿರುಗಿ ನೋಡಿದ್ರು,” ಎಂದು ಅತ್ತೆ ಈಗಲೂ ಹೇಳುತ್ತಾರೆ.

ನಾನು ಕೂಡಲೇ ಫೋನು ಮಾಡಿದೆ. ಸಿಟ್ಟು ನೆತ್ತಿಗೇರಿತ್ತು.

“ಗಿಡ ಸತ್ತದ್ದಕ್ಕೆ ನನಗೆ ಬೇಸರ ಇಲ್ಲ. ನನ್ನನ್ನು ಪೆದ್ದಿ ಅಂತ ತಿಳ್ಕೊಂಡದ್ದಕ್ಕೆ ಬೇಸರ. ಕಡಲಿನವಳಿಗೆ ಕಡಲಿನ ಗಿಡ ಗೊತ್ತಾಗುವುದಿಲ್ವಾ? ನಿಮ್ಮ ಅಪ್ಪನಿಗೆ ಹೇಳಿ, ಆ ಕೊನ್ನಾರಿಯನ್ನು ಅವರೇ ಸಾಕ್ಲಿ. ನಾನು ಬರುವಾಗ ಬೇರೆ ಗಿಡ ತರ್ತೇನೆ. ಇಲ್ಲಿ ಬೇಕಾದಷ್ಟು ಉಂಟು.”

ಆಚೆಯಿಂದ ಯಾರೋ ಕೆಮ್ಮಿದರು. ಅದು ಮಾವನ ಕೆಮ್ಮು. ನನ್ನ ಗಂಡ ಎಂಬ ಮಹಾನುಭಾವರು ಫೋನನ್ನು ಸ್ಪೀಕರಿಗೆ ಹಾಕಿ ಊಟದ ಮೇಜಿನ ಮೇಲೆ ಇಟ್ಟಿದ್ದರು. ಅಯ್ಯೋ ದೇವರೇ, ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮದುವೆಯಾಗಿ ಮೂರು ತಿಂಗಳಾಗಿರಲಿಲ್ಲ.

ಅದಾದ ಎರಡು ದಿನಕ್ಕೆ ಅಪ್ಪ ಮಳೆಯಲ್ಲಿ ನೆನೆದುಕೊಂಡು, ಮುಖ ಅರಳಿಸಿಕೊಂಡು ಒಳಗೆ ಬಂದರು. ನಾನೂ ಅಮ್ಮನೂ ಪತ್ರೊಡೆಗೆ ಕೆಸುವಿನೆಲೆ ಸುತ್ತುತ್ತಿದ್ದೆವು.

“ಬಂದ, ಬಂದ! ಇಂಜಿನಿಯರು ಬಂದ!”

“ಎಲ್ಲಿ? ಒಳಗೆ ಕರೀಬಾರ್ದಾ? ಚಾ ಆದ್ರೂ ಕೊಡುವ,” ಎಂದರು ಅಮ್ಮ.

“ಎಷ್ಟು ಕರೆದರೂ ಬರಲಿಲ್ಲ. ಪ್ರಾಯದವ, ಪಾಪ. ಉದ್ದದ ರೈನ್‌ಕೋಟು, ತಲೆಗೆ ಮಂಗನ ಟೊಪ್ಪಿ, ಮೂಗಿಗೆ ಟವೆಲು. ನಾನು ಚೆನ್ನಾಗಿ ಬೈದೆ. ಇಷ್ಟು ವರ್ಷ ಎಲ್ಲಿ ಸತ್ತಿದ್ದಿ ಮಾರಾಯ, ಮನೆ ಕಡಲಿಗೆ ಹೋದ ಮೇಲೆ ಬರ್ತೀಯಾ ಅಂತ ಕೇಳಿದೆ. ಒಂದು ಮಾತು ಎದುರಾಡಲಿಲ್ಲ! ನಾನು ಏನು ಹೇಳಿದ್ರೂ ‘ಮಾಡುವ, ಮಾಡುವ’ ಅಂತ ತಲೆ ಅಲ್ಲಾಡಿಸಿದ. ಎಷ್ಟು ಒಳ್ಳೆ ಜನ ಅಂತೀಯಾ!”

“ಎಂತ ನೋಡಿದ್ರು?” ಎಂದು ನಾನು ಕೇಳಿದೆ.

“ಎಲ್ಲವನ್ನೂ ಬಗ್ಗಿ ನೋಡಿದ. ಚುಚ್ಚುಹುಲ್ಲು ಬುಡಸಮೇತ ಕಿತ್ತು, ಒಂದು ಚೀಲ ಹೊಯ್ಗೆಯ ಜೊತೆ ತೆಗೊಂಡು ಹೋದ. ಲ್ಯಾಬಿಗೆ ಇರಬೇಕು, ಸ್ಯಾಂಪಲ್ಲು.”

ಅಪ್ಪನ ಕನ್ನಡಕದ ಗಾಜಿನ ಮೇಲೆ ಮಳೆಹನಿ ಇನ್ನೂ ಇಳಿಯುತ್ತಿತ್ತು. ಅದರಲ್ಲಿ ಅವರಿಗೆ ಎಷ್ಟು ಕಂಡಿತ್ತೋ ದೇವರಿಗೇ ಗೊತ್ತು. ಸ್ಯಾಂಪಲ್ ತೆಗೆದುಕೊಂಡು ಹೋಗುವ ಇಂಜಿನಿಯರು ಎಂದರೆ ದೊಡ್ಡ ಇಂಜಿನಿಯರೇ ಇರಬೇಕೆಂದು ನಾವೂ ನಂಬಿದೆವು. ಅಪ್ಪ ಅಂದು ಪತ್ರೊಡೆ ಜಾಸ್ತಿಯೇ ತಿಂದರು.

ಆದರೆ ಕಡಲಿಗೆ ಲ್ಯಾಬಿನ ವರದಿ ಬರುವವರೆಗೆ ಕಾಯುವ ವ್ಯವಧಾನವಿರಲಿಲ್ಲ. ಆಟಿ ಅಮಾವಾಸ್ಯೆಯ ಸುಮಾರಿಗೆ ಒಂದು ಸಂಜೆ ತೆರೆಗಳು ಒಂದರ ಬೆನ್ನಿಗೆ ಒಂದರಂತೆ ಬಂದು, ನಾವು ಜಗಲಿಯಲ್ಲಿ ನಿಂತು ನೋಡುತ್ತಿರುವಾಗಲೇ, ಉಳಿದ ಎರಡು ತೆಂಗುಗಳನ್ನೂ ಅವುಗಳ ಮುಂದಿನ ಹೊಯ್ಗೆಯನ್ನೂ ಇಡಿಯಾಗಿ ಎಳೆದುಕೊಂಡು ಹೋದವು. ಮಾರನೆಯ ದಿನ ಲಾರಿಗಳಲ್ಲಿ ಕರಿಕಲ್ಲು ಬಂತು. ಮನೆ ಉಳಿಯಿತು. ನಾನು ಕಲ್ಲಿನ ಮೇಲೆ ನಿಂತು ಬಡಗಿನಿಂದ ತೆಂಕಿನವರೆಗೆ ಹುಡುಕಿದೆ. ಚುಚ್ಚುಹುಲ್ಲಿನ ಒಂದು ಎಳೆಯೂ ಇರಲಿಲ್ಲ. ಬೇಕಾದಷ್ಟು ಉಂಟು ಎಂದಿದ್ದೆ. ನನಗೆ ಅಳು ತಡೆಯಲಾಗಲಿಲ್ಲ. ಮನೆ ಉಳಿದ ಮೇಲೆ ಹುಲ್ಲಿಗೆ ಅಳುವುದಾ ಎಂದು ಅಮ್ಮ ಬೈದರು. ಅಪ್ಪ ಬೈಯಲಿಲ್ಲ. ಅವರೂ ಅದನ್ನೇ ಹುಡುಕುತ್ತಾ ಕಲ್ಲುಗಳ ಸಂದಿಯಲ್ಲಿ ಬಗ್ಗಿ ನೋಡುತ್ತಿದ್ದರು.

ಆಟಿ ಕಳೆದು ಸೋಣ ತಿಂಗಳು ಬಂತು. ಅಪ್ಪನೇ ನನ್ನನ್ನು ನಾರಾವಿಗೆ ಬಿಡಲು ಹೊರಟರು. ಮೂಲ್ಕಿಯಿಂದ ಮೂಡುಬಿದಿರೆ, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ನನಗೆ ಮಾವನ ಮುಖ ನೋಡುವುದು ಹೇಗೆಂಬ ಚಿಂತೆ. ಒಗೆಯುವ ಕಲ್ಲಿನ ಮೇಲೆ ಕೊನ್ನಾರಿ ತುಂಬಿದ ಬಾಲ್ದಿ ಇರುತ್ತದೆ, ಅದನ್ನು ನೋಡಿದರೆ ಎಲ್ಲರ ಎದುರು ಅತ್ತುಬಿಡುತ್ತೇನೇನೋ ಎಂದು ಇನ್ನೊಂದು ಚಿಂತೆ.

ಅಂಗಳಕ್ಕೆ ಕಾಲಿಟ್ಟವಳು ಬಾಲ್ದಿಯನ್ನು ನೋಡಿ ಅಲ್ಲೇ ನಿಂತೆ. ಕೊನ್ನಾರಿ ಇರಲಿಲ್ಲ. ಹೊಸ ಹೊಯ್ಗೆ, ಬಿಳಿ ಬಿಳಿ, ನಡುವೆ ಕಪ್ಪೆಚಿಪ್ಪಿನ ಚೂರು. ಅದರಲ್ಲಿ ಗೇಣುದ್ದದ ಚುಚ್ಚುಹುಲ್ಲು, ಪಕ್ಕದಲ್ಲಿ ಸೂಜಿಯಷ್ಟು ಹೊಸ ಚಿಗುರು. ಮಳೆನೀರು ಬೀಳದ ಹಾಗೆ ಮೇಲೆ ನಾಲ್ಕು ಕೋಲು ನೆಟ್ಟು ಪ್ಲಾಸ್ಟಿಕ್ ಕಟ್ಟಿತ್ತು.

ಜಗಲಿಯಿಂದ ಮಾವ ಇಳಿದು ಬಂದರು. ಶೀತವಾಗಿತ್ತೋ ಏನೋ, ತಲೆಗೆ ಮಂಗನ ಟೊಪ್ಪಿ. “ಬನ್ನಿ ಬನ್ನಿ, ಕೈಕಾಲು ತೊಳೀರಿ,” ಎಂದರು.

ಅಪ್ಪ ಕಾಲು ತೊಳೆಯಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮಾವನನ್ನು ಮೇಲಿಂದ ಕೆಳಗೆ ನೋಡಿದರು, ಬಾಲ್ದಿಯನ್ನು ನೋಡಿದರು, ಪುನಃ ಮಾವನನ್ನು ನೋಡಿದರು.

“ಇಂಜಿನಿಯರ್!” ಎಂದರು.

ಮಾವ ಟೊಪ್ಪಿ ತೆಗೆದು ಬೆನ್ನ ಹಿಂದೆ ಹಿಡಿದುಕೊಂಡರು. ಅಷ್ಟರಲ್ಲಿ ಒಳಗಿಂದ ಬಂದ ಅತ್ತೆಗೆ ಎಲ್ಲ ಅರ್ಥವಾಯಿತು. “ಓಹೋ! ನರಿಕೊಂಬಿನಲ್ಲಿ ನನ್ನ ಅಕ್ಕನನ್ನು ನೋಡಿ ಬರ್ತೇನೆ ಅಂತ ಹೋದದ್ದು ಕಡಲಿಗಾ? ಅಕ್ಕನಿಗೆ ಫೋನ್ ಮಾಡಿದ್ರೆ ಇಲ್ಲಿಗೆ ಬರಲೇ ಇಲ್ಲ ಅಂದ್ಲು. ಸಂಜೆ ಬಂದವರ ಕಿಸೆ ತುಂಬ ಹೊಯ್ಗೆ! ಕೇಳಿದ್ರೆ, ಬರುವ ದಾರಿಯಲ್ಲಿ, ಬಿ.ಸಿ.ರೋಡಿನಲ್ಲಿ, ಗಾಳಿ ಅಂತಾರೆ! ಈ ಪ್ರಾಯದಲ್ಲಿ ಇವರಿಗೆ ಎಂತ ಆಯ್ತು ಅಂತ ನಾನು ದೈವಕ್ಕೆ ಹರಕೆ ಹೇಳಿಕೊಂಡಿದ್ದೇನೆ, ಮಾರಾಯ್ರೆ!”

“ಆಟಿಯಲ್ಲಿ ಬೀಗರ ಮನೆಗೆ ಬರಿಗೈಯಲ್ಲಿ ಹೋಗುವುದುಂಟಾ?” ಎಂದರು ಮಾವ ನೆಲ ನೋಡುತ್ತಾ. “ಹಾಗೆ ಹೊರಗಿನಿಂದಲೇ ಬಂದೆ. ಇವರು ಬೈಯಲಿಕ್ಕೆ ಶುರು ಮಾಡಿದ ಮೇಲೆ ಹೆಸರು ಹೇಳಲಿಕ್ಕೆ ಬಾಯಿ ಎಲ್ಲಿ ಉಂಟು?”

“ಮತ್ತೆ ಮಾಡುವ, ಮಾಡುವ ಅಂದದ್ದು?” ಎಂದು ಅಪ್ಪ ಬಿಡಲಿಲ್ಲ.

“ಏನಾದ್ರೂ ಹೇಳ್ಬೇಕಲ್ಲ.”

ಅತ್ತೆಗೆ ನಗು ಶುರುವಾದದ್ದು ನಿಲ್ಲಲೇ ಇಲ್ಲ. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ನಮ್ಮ ದಂಡೆಯ ಚುಚ್ಚುಹುಲ್ಲಿನಲ್ಲಿ ಉಳಿದದ್ದು ಕದ್ದು ತಂದ ಈ ಬುಡ ಮಾತ್ರ ಎಂದು ಮಾವನಿಗೆ ಹೇಳಿದೆ. ಅವರು ಕೋಲಿಗೆ ಕಟ್ಟಿದ ಪ್ಲಾಸ್ಟಿಕ್ಕನ್ನು ಸ್ವಲ್ಪ ಬಿಗಿ ಮಾಡಿದರು. ಮರುದಿನದಿಂದ ಉಪ್ಪುನೀರು ಕೊಡುವ ಕೆಲಸ ನನ್ನ ಕೈಗೆ ಸಿಗಲೇ ಇಲ್ಲ.

ಮಳೆ ಬಿಟ್ಟ ಮೇಲೆ ಕಡಲು ತಿಂದದ್ದರಲ್ಲಿ ಒಂದಿಷ್ಟನ್ನು ವಾಪಸು ಕೊಡುತ್ತದೆ. ಆ ವರ್ಷವೂ ಕೊಟ್ಟಿತು. ದೀಪಾವಳಿ ಕಳೆದ ಮೇಲೆ ಅಪ್ಪ ಫೋನು ಮಾಡಿ, ಕಲ್ಲಿನ ಬಡಗು ಮಗ್ಗುಲಲ್ಲಿ ಒಂದು ಅಂಗಳದಷ್ಟು ಹೊಯ್ಗೆ ಬಿದ್ದಿದೆ ಎಂದರು. ಬಾಲ್ದಿಯಲ್ಲಿ ಆಗ ಬೇರು ಸುತ್ತಿ ಸುತ್ತಿ ಜಾಗ ಸಾಲದೆ ಗಿಡ ಅಂಚಿನಿಂದ ಹೊರಗೆ ಇಣುಕುತ್ತಿತ್ತು. ಮಾವ ಆ ಸಲ ಬೀಗರ ಮನೆಗೆ ಹೋಗುವ ಕ್ರಮದಲ್ಲಿಯೇ ಹೊರಟರು: ಇಸ್ತ್ರಿ ಮಾಡಿದ ಅಂಗಿ, ಒಂದು ಗೊನೆ ಬಾಳೆಹಣ್ಣು, ಅತ್ತೆ, ನಾನು, ಬಾಲ್ದಿ.

ಕಡಲ ಬದಿಯಲ್ಲಿ ಅಪ್ಪ ನೆಡಲು ಕೈಚಾಚಿದರು. ಮಾವ ಕೊಡಲಿಲ್ಲ. ಪಂಚೆ ಎತ್ತಿ ಕಟ್ಟಿ, ಹೊಯ್ಗೆಯಲ್ಲಿ ಮೊಣಕಾಲೂರಿ, ಕೈಯಲ್ಲೇ ಗುಂಡಿ ತೋಡಿ, ಬೇರನ್ನು ಬಿಡಿಸಿ ಕಡಲಿನ ಕಡೆಗೆ ಮುಖ ಮಾಡಿ ಮಲಗಿಸಿದರು. ಹುಟ್ಟಿದಂದಿನಿಂದ ಜೇಕನ್ನು ಕಿತ್ತು ಮಾತ್ರ ಗೊತ್ತಿದ್ದ ಕೈ ಅದು. ಬುಡಕ್ಕೆ ಹೊಯ್ಗೆ ಒತ್ತಿ ಎದ್ದು ನಿಂತವರು ಸುತ್ತ ನೋಡಿದರು. ಅಪ್ಪನೂ ಅತ್ತೆಯೂ ಸ್ವಲ್ಪ ದೂರ ಹೋಗಿದ್ದರು.

“ನಾರಾವಿಯಲ್ಲಿ ಯಾರ ಹತ್ತಿರವೂ ಹೇಳ್ಬೇಡ ಆಯ್ತಾ,” ಎಂದರು ನನಗೆ.

ಆಮೇಲೆ ಗಿಡದ ಕಡೆ ಬಗ್ಗಿ, ಕೊನ್ನಾರಿಯೊಡನೆ ಮಾತಾಡುವ ಅದೇ ಗಡಸು ಸ್ವರದಲ್ಲಿ ಹೇಳಿದರು:

“ಇಲ್ಲಿ ಎಷ್ಟು ಬೇಕಾದ್ರೂ ಹಬ್ಬು, ಮಾರಾಯ. ಒಬ್ಬನೂ ನಿನ್ನನ್ನು ಕೀಳುವುದಿಲ್ಲ.”